ನೀರಿನ ಲೆಕ್ಕ ಎಲ್ಲರ ಕಣ್ಣಿಗೂ ಬೀಳಲಿ

ಧನು ತಿಂಗಳು ಬಂತೆಂದರೆ ನಮ್ಮ ಕಡೆಯ ತೋಡುಗಳಿಗೆ ಕಟ್ಟ ಹಾಕುವ ಕಾಲ. ಕಲ್ಲು ಜೋಡಿಸಿ, ಸೊಪ್ಪು ಮಣ್ಣು ತುಂಬಿ, ಈಚೀಚೆಗೆ ನಡುವೆ ಪ್ಲಾಸ್ಟಿಕ್ ಹಾಳೆಯನ್ನೂ ಇಟ್ಟು, ಹರಿದು ಹೋಗುವ ನೀರನ್ನು ಎರಡು ಮೂರು ತಿಂಗಳ ಮಟ್ಟಿಗೆ ತಡೆದು ನಿಲ್ಲಿಸುತ್ತಾರೆ. ಒಂದೇ ತೋಡಿಗೆ ಮೇಲೊಂದು ಕಟ್ಟ, ಕೆಳಗೊಂದು ಕಟ್ಟ. ಮೇಲಿನದು ತುಂಬಿ ಉಕ್ಕಿದರೆ ಕೆಳಗಿನದಕ್ಕೆ ನೀರು. ಮಳೆ ಸರಿಯಾಗಿ ಬಂದ ವರ್ಷ ಇದರಲ್ಲಿ ಯಾರಿಗೂ ತಕರಾರಿಲ್ಲ. ಮಳೆ ಕೈಕೊಟ್ಟ ವರ್ಷ ಕುಂಭ ತಿಂಗಳಾಗುವಾಗ ಕೆಳಗಿನ ತೋಟದವರಿಗೆ ಮೇಲಿನವರ ಮೇಲೆ ಗುಮಾನಿ. ರಾತ್ರಿ ಪಂಪು ಇಟ್ಟು ಎಳೆದಿರಬೇಕು ಎಂದು ಇವರು. ಒರತೆಯೇ ಬತ್ತಿದ ಮೇಲೆ ನಾವೇನು ಮಾಡೋಣ ಎಂದು ಅವರು. ಇಷ್ಟಕ್ಕೇ ಮದುವೆ ಮುಂಜಿಗಳಿಗೆ ಹೋಗಿ ಬರುವ ಬಳಕೆ ನಿಂತುಹೋದ ಮನೆಗಳೂ ಉಂಟು. ಯಾರ ಮಾತು ನಿಜವೆಂದು ಹೇಳಬಲ್ಲವರು ಯಾರೂ ಇಲ್ಲ; ಏಕೆಂದರೆ ಆ ತೋಡಿನ ನೀರನ್ನು ಯಾರೂ ಅಳೆದಿಲ್ಲ.

ರಾಜ್ಯ ರಾಜ್ಯಗಳ ನಡುವೆ, ದೇಶ ದೇಶಗಳ ನಡುವೆ ನಡೆಯುವ ನೀರಿನ ಜಗಳಗಳೂ ಮೂಲದಲ್ಲಿ ಇದೇ ತೋಡಿನ ಜಗಳಗಳೇ. ನೀರು ಕಡಿಮೆಯಾದದ್ದು ಒಂದು ಕಷ್ಟ. ಅದು ಯಾರಿಂದ ಕಡಿಮೆಯಾಯಿತೆಂದು ತಿಳಿಯದಿರುವುದು ಇನ್ನೊಂದು ಕಷ್ಟ. ಮೊದಲನೆಯದನ್ನು ಮಳೆಯೇ ಪರಿಹರಿಸಬೇಕು. ಎರಡನೆಯದನ್ನು ಮನುಷ್ಯ ಪರಿಹರಿಸಬಹುದು. ಹೊಳೆ, ಕಾಡು, ನೆಲಗಳ ವಿಷಯದಲ್ಲಿ ಕಾದಾಡುವವರನ್ನು ಅದೇ ಹೊಳೆ, ಕಾಡು, ನೆಲಗಳ ವಿಷಯದಲ್ಲಿ ಒಟ್ಟಿಗೆ ಕೂರಿಸಿ ಕೆಲಸ ಮಾಡಿಸುವುದಕ್ಕೆ ಈಗಿನ ಪಂಡಿತರು ‘ಪರಿಸರದ ಮೂಲಕ ಶಾಂತಿ’ ಎಂಬರ್ಥದ ದೊಡ್ಡ ಹೆಸರುಗಳನ್ನು ಇಟ್ಟಿದ್ದಾರೆ. ಉಪಗ್ರಹ, ಕಂಪ್ಯೂಟರ್, ತಾನಾಗಿ ಲೆಕ್ಕ ಕಳುಹಿಸುವ ಮಾಪಕಗಳು ಈ ಕೆಲಸಕ್ಕೆ ಬಹಳ ನೆರವಾಗುತ್ತವೆ ಎಂಬುದು ಅವರ ಅಭಿಪ್ರಾಯ. ಈ ಅಭಿಪ್ರಾಯದಲ್ಲಿ ಸತ್ಯಾಂಶ ಬಹಳವಿದೆ. ಆದರೆ ಒಂದು ಸಂಗತಿಯನ್ನು ಅವರು ಸಾಕಷ್ಟು ಒತ್ತಿ ಹೇಳುತ್ತಿಲ್ಲವೆಂದು ನಮಗೆ ತೋರುತ್ತದೆ. ಅಳೆದ ಅಂಕಿ ಆಫೀಸಿನ ಕಡತದಲ್ಲಿ ಉಳಿದರೆ, ಅಥವಾ ಜನರಿಗೆ ಬಾರದ ನುಡಿಯಲ್ಲಿ ಉಳಿದರೆ, ಅದರಿಂದ ಶಾಂತಿಗೆ ಎಳ್ಳಷ್ಟೂ ಪ್ರಯೋಜನವಿಲ್ಲ.

ಗಡಿನಾಡಿನ ಕನ್ನಡಿಗರಿಗೆ ಇದು ದೂರದ ವಿಚಾರವಲ್ಲ. ನೀರಿನ ಜಗಳಗಳಲ್ಲಿ ಮೊದಲ ಪೆಟ್ಟು ಬೀಳುವುದು ಗಡಿಯಲ್ಲಿ ವಾಸಿಸುವವರಿಗೆ, ಅದರಲ್ಲಿಯೂ ಆಚೆಯ ರಾಜ್ಯದ ನುಡಿಯನ್ನು ಆಡುವವರಿಗೆ. ಕಾವೇರಿಯ ಕತೆಯನ್ನು ನೆನೆಯೋಣ. ಮದ್ರಾಸು ಮತ್ತು ಮೈಸೂರು ಸರಕಾರಗಳು 1892ರಲ್ಲಿಯೂ 1924ರಲ್ಲಿಯೂ ಮಾಡಿಕೊಂಡ ಒಪ್ಪಂದಗಳ ಬಳಿಕ, 1974ರಲ್ಲಿ ಐವತ್ತು ವರ್ಷದ ಅವಧಿ ಮುಗಿದಲ್ಲಿಂದ ತಕರಾರು ಬೆಳೆಯುತ್ತಾ ಬಂತು. 1990ರ ಜೂನ್‌ನಲ್ಲಿ ನ್ಯಾಯಾಧಿಕರಣ ನೇಮಕವಾಯಿತು. 1991ರ ಜೂನ್‌ನಲ್ಲಿ ಅದು ವರ್ಷಕ್ಕೆ 205 ಟಿ.ಎಂ.ಸಿ. ನೀರು ಮೆಟ್ಟೂರಿಗೆ ತಲುಪಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಡಿಸೆಂಬರಿನಲ್ಲಿ ಅದು ಗಜೆಟ್ಟಿನಲ್ಲಿ ಪ್ರಕಟವಾದ ಕೂಡಲೇ ಬೆಂಗಳೂರು, ಮೈಸೂರುಗಳಲ್ಲಿ ತಮಿಳರ ಮನೆಗಳ ಮೇಲೆ ಹಲ್ಲೆಗಳಾದವು. ತಮಿಳುನಾಡಿನಲ್ಲಿ ಕನ್ನಡಿಗರು ಅದರ ಫಲ ಉಂಡರು. ಜೀವಗಳು ಹೋದವು. ಹೊಡೆದವರಲ್ಲಿಯಾಗಲಿ ಹೊಡೆಸಿಕೊಂಡವರಲ್ಲಿಯಾಗಲಿ ಒಂದು ಟಿ.ಎಂ.ಸಿ. ಎಂದರೆ ಎಷ್ಟು ನೀರೆಂದು ಬಲ್ಲವರು ಎಷ್ಟು ಮಂದಿ ಇದ್ದರು?

ಓದುಗರು ಕ್ಷಮಿಸಬೇಕು, ಈ ಲೆಕ್ಕವನ್ನು ಇಲ್ಲಿ ಬಿಡಿಸಿ ಹೇಳಲೇಬೇಕಾಗಿದೆ. ದಿನ ದಿನವೂ ಪತ್ರಿಕೆಗಳಲ್ಲಿ ಅಚ್ಚಾಗುವ ಈ ಶಬ್ದಗಳ ಅರ್ಥವನ್ನು ಪತ್ರಿಕೆಗಳು ಹೇಳುವುದು ಅಪರೂಪ. ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಎರಡು ದೊಡ್ಡ ಕೊಡಪಾನದಷ್ಟು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್‌ನಂತೆ ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ಆದುದರಿಂದ ‘ಐದು ಸಾವಿರ ಕ್ಯೂಸೆಕ್ ಬಿಡಲು ಆದೇಶ’ ಎಂಬ ತಲೆಬರಹವನ್ನು ಕಂಡಾಗ, ದಿನಕ್ಕೆ ಅರ್ಧ ಟಿ.ಎಂ.ಸಿ.ಗಿಂತಲೂ ಸ್ವಲ್ಪ ಕಡಿಮೆ ಎಂದು ತಿಳಿಯಬೇಕು. ಐದು ಸಾವಿರ ಎಂಬ ಸಂಖ್ಯೆ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಇಡೀ ಕಾವೇರಿಯಲ್ಲಿ ಸಾಧಾರಣ ವರ್ಷದಲ್ಲಿ ಸಿಗುವ ನೀರು 740 ಟಿ.ಎಂ.ಸಿ. ಎಂದು ನ್ಯಾಯಾಧಿಕರಣ 2007ರ ಫೆಬ್ರವರಿಯ ಅಂತಿಮ ತೀರ್ಪಿನಲ್ಲಿ ಲೆಕ್ಕ ಹಿಡಿಯಿತು. ಅದರಲ್ಲಿ ಕೇರಳಕ್ಕೂ 30 ಟಿ.ಎಂ.ಸಿ. ಇದೆ ಎಂಬುದನ್ನು ನಮ್ಮವರಲ್ಲಿ ಅನೇಕರು ಗಮನಿಸಿಲ್ಲ. ವಯನಾಡಿನಲ್ಲಿ ಹುಟ್ಟುವ ಕಬಿನಿಯ 21, ಭವಾನಿಯ 6, ಪಾಂಬಾರಿನ 3. ವಯನಾಡಿನ ಕನ್ನಡಿಗರು ಹಾಗಾದರೆ ಕಾವೇರಿಯ ಮೇಲಿನ ಕಟ್ಟದವರು.

ಕರ್ನಾಟಕ ಬಿಟ್ಟ ನೀರನ್ನು ಅಳೆಯುವ ಸ್ಥಳ ಬಿಳಿಗುಂಡ್ಲು. ಎರಡು ರಾಜ್ಯಗಳ ಗಡಿಯಲ್ಲಿ ಕೇಂದ್ರ ಜಲ ಆಯೋಗ ನಡೆಸುವ ಮಾಪನ ಕೇಂದ್ರ ಅದು. ಅಳೆಯುವವನು ಕರ್ನಾಟಕದವನೂ ಅಲ್ಲ, ತಮಿಳುನಾಡಿನವನೂ ಅಲ್ಲ. ಇಡೀ ವ್ಯವಸ್ಥೆಯಲ್ಲಿ ನಮಗೆ ಅತ್ಯಂತ ವಿವೇಕದ್ದೆಂದು ಕಾಣುವ ಭಾಗ ಇದೇ. ಸುಪ್ರೀಂ ಕೋರ್ಟು 2018ರ ಫೆಬ್ರವರಿ 16ರಂದು ವರ್ಷಕ್ಕೆ 177.25 ಟಿ.ಎಂ.ಸಿ. ಬಿಳಿಗುಂಡ್ಲುವಿನಲ್ಲಿ ದಾಟಬೇಕೆಂದು ತೀರ್ಮಾನಿಸಿತು; ಅದೇ ವರ್ಷ ಜೂನ್‌ನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವೂ ಅದರ ಕೈಕೆಳಗೆ ನಿಯಂತ್ರಣ ಸಮಿತಿಯೂ ರಚನೆಯಾದವು. ಆ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚು ಸಿಕ್ಕಿದ್ದು 14.75 ಟಿ.ಎಂ.ಸಿ. ಅದರಲ್ಲಿ 10 ಟಿ.ಎಂ.ಸಿ. ಸಿಕ್ಕಿದ್ದು ತಮಿಳುನಾಡಿನ ನೆಲದಡಿಯಲ್ಲಿ ಇರುವ ನೀರನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ. ಹಿಂದೆ ಲೆಕ್ಕಕ್ಕೆ ಬಾರದಿದ್ದ ಒಂದು ಅಂಕಿ ಲೆಕ್ಕಕ್ಕೆ ಬಂದದ್ದಕ್ಕೆ ಎರಡು ರಾಜ್ಯಗಳ ಪಾಲೇ ಬದಲಾಯಿತು!

ಇನ್ನು ಎರಡು ಬರದ ವರ್ಷಗಳನ್ನು ಹೋಲಿಸಿ ನೋಡಬಹುದು. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಾಗ ಇಂತಹ ಪ್ರಾಧಿಕಾರ ಇರಲಿಲ್ಲ. ಅಂಕಿಗಳನ್ನು ಎರಡು ಸರಕಾರಗಳ ವಕೀಲರು ತಮತಮಗೆ ಬೇಕಾದಂತೆ ಮಂಡಿಸುತ್ತಿದ್ದರು. ಅಷ್ಟರಲ್ಲಿ ಮೊಬೈಲ್ ಫೋನುಗಳಲ್ಲಿ ಹೊಡೆದಾಟದ ಚಿತ್ರಗಳು ಹರಿದಾಡಿದವು. 12ರಂದು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟವು, ಕರ್ಫ್ಯೂ ಬಿತ್ತು, ಗೋಲಿಬಾರಿನಲ್ಲಿ ಜೀವ ಹೋಯಿತು. ಆಚೆ ತಮಿಳುನಾಡಿನಲ್ಲಿ ಕರ್ನಾಟಕದ ಗಾಡಿಗಳಿಗೆ ಏಟು ಬಿತ್ತು. ಆಧುನಿಕ ತಂತ್ರಜ್ಞಾನ ಆ ವಾರ ಶಾಂತಿಗೆ ದುಡಿಯಲಿಲ್ಲ, ಬೆಂಕಿಗೆ ಗಾಳಿ ಹಾಕಿತು. 2023ರಲ್ಲಿ ಮತ್ತೆ ಬರ. ಕೃಷ್ಣರಾಜಸಾಗರ, ಕಬಿನಿ, ಹೇಮಾವತಿ, ಹಾರಂಗಿ ಈ ನಾಲ್ಕು ಜಲಾಶಯಗಳಿಗೆ ಆ ಸೆಪ್ಟೆಂಬರಿನ ತನಕ ಬಂದ ನೀರು, ಮೂವತ್ತು ವರ್ಷದ ಸರಾಸರಿಗಿಂತ ನೂರಕ್ಕೆ 53ರಷ್ಟು ಕಡಿಮೆಯೆಂದು ನಿಯಂತ್ರಣ ಸಮಿತಿ ಲೆಕ್ಕ ಹಾಕಿತು. ಹದಿನೈದು ದಿನಕ್ಕೊಮ್ಮೆ ಎಂಬಂತೆ ಕೂತು ಎಷ್ಟು ಬಿಡಬೇಕೆಂದು ಹೇಳಿತು. ಎರಡೂ ಕಡೆಯವರು ಸಿಟ್ಟಾದರು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು. ಆದರೆ 2016ರಂತೆ ಬಸ್ಸುಗಳು ಸುಡಲಿಲ್ಲ.

ಇದಕ್ಕೆ ಅಂಕಿಯೊಂದೇ ಕಾರಣವೆಂದು ಹೇಳುವಷ್ಟು ಸರಳರು ನಾವಲ್ಲ. ಪೋಲೀಸರ ಎಚ್ಚರ, ಹಿಂದಿನ ಪಾಠ, ರಾಜಕೀಯದ ಸಮಯಾಸಮಯ ಎಲ್ಲವೂ ಕೂಡಿಕೊಂಡಿವೆ. ಆದರೂ ‘ನೂರಕ್ಕೆ 53 ಕಡಿಮೆ’ ಎಂಬ ಮಾತನ್ನು ಇತ್ತಂಡದವರೂ ಕೂತ ಸಭೆಯೊಂದು ಹೇಳಿದ್ದಕ್ಕೂ, ಒಂದು ಕಡೆಯ ಮಂತ್ರಿ ವೇದಿಕೆಯಿಂದ ಹೇಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ಆಚೆಯವರು ನಂಬುವುದಿಲ್ಲ. ಮೊದಲನೆಯದನ್ನು ಬೈಯಬಹುದು, ಆದರೆ ಅಲ್ಲಗಳೆಯುವುದು ಕಷ್ಟ.

ಸರಕಾರಗಳಿಗಿಂತ ಮೊದಲೇ ಇದನ್ನು ಅರಿತವರು ರೈತರು. 2003ರಲ್ಲಿ, ಬರದ ಬೇಗೆಯ ನಡುವೆ, ಚೆನ್ನೈಯ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಅವರ ಪ್ರಯತ್ನದಿಂದ ಎರಡೂ ರಾಜ್ಯಗಳ ಕೃಷಿಕರು ಒಂದೆಡೆ ಕುಳಿತರು. ‘ಕಾವೇರಿ ಕುಟುಂಬ’ ಎಂಬ ಹೆಸರಿನಲ್ಲಿ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಬಂದರು. ಮಂಡ್ಯದವರಿಗೆ ತಂಜಾವೂರಿನ ಒಣಗದ್ದೆ ಕಂಡಿತು, ತಂಜಾವೂರಿನವರಿಗೆ ಮೇಲಿನ ಜಲಾಶಯದ ಬರಿದಾದ ಹೊಟ್ಟೆ ಕಂಡಿತು. ಎಲ್ಲರೂ ಒಪ್ಪುವ ಹಂಚಿಕೆಯ ಸೂತ್ರವೊಂದನ್ನು ಕೊಡಲು ಅವರಿಂದ ಆಗಲಿಲ್ಲ. ಅದಕ್ಕಾಗಿ ಅವರನ್ನು ಹೀಗಳೆಯುವವರು, ಸರಕಾರಗಳೂ ಕೋರ್ಟುಗಳೂ ಅದಕ್ಕೆ ಎಷ್ಟು ವರ್ಷ ತೆಗೆದುಕೊಂಡವೆಂದು ನೆನೆಯಲಿ. ಕಣ್ಣಾರೆ ಕಂಡದ್ದೂ ಒಂದು ಅಳತೆಯೇ; ಯಂತ್ರದ ಅಳತೆಗೆ ಬೆಲೆ ಬರುವುದು ಅದರ ಮೇಲೆ.

ಈ ಜಗಳದಲ್ಲಿ ಹೊಸೂರಿನ, ತಾಳವಾಡಿಯ ಕನ್ನಡಿಗರ ಪಾಡನ್ನು ಕೇಳಿದವರು ಯಾರು? ತಾಳವಾಡಿಯವರು ಈರೋಡು ಜಿಲ್ಲೆಯವರು. ಆದರೆ ಅವರಿಗೆ ಹತ್ತಿರದ ಪೇಟೆ ಚಾಮರಾಜನಗರ. ಅತ್ತಿಬೆಲೆಯಲ್ಲಿ ಬಸ್ಸು ನಿಂತ ದಿನ ಹೊಸೂರಿನ ಕನ್ನಡಿಗನು ಎರಡೂ ಕಡೆಗೆ ಪರಕೀಯ. ಬಿಳಿಗುಂಡ್ಲುವಿನ ಅಂಕಿ ಆತನ ಜಿಲ್ಲೆಯ ಗಡಿಯಲ್ಲಿಯೇ ಹುಟ್ಟುತ್ತದೆ. ಆತನಿಗೆ ತಲುಪುವುದು ಮಾತ್ರ ಯಾರದೋ ಘೋಷಣೆಯಾಗಿ. 2020ರ ಮಾರ್ಚಿನಲ್ಲಿ ರೋಗದ ಹೆದರಿಕೆಯಿಂದ ತಲಪಾಡಿ ದಾರಿಯನ್ನು ಮುಚ್ಚಿದಾಗ, ಗಡಿ ಎಂದರೇನೆಂದು ನಮ್ಮ ಜಿಲ್ಲೆಗೂ ಚೆನ್ನಾಗಿ ತಿಳಿಯಿತು. ಅದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬಿಳಿಗುಂಡ್ಲುವಿನಲ್ಲಿ ಅಳೆಯುವ ಮೂರನೆಯವನೊಬ್ಬ ಇದ್ದಾನೆ. ಅಂತಹವನು ಇಲ್ಲದಿದ್ದರೆ? ಮೇಲಿನ ಕಟ್ಟದವನು ಬಲಶಾಲಿಯಾಗಿದ್ದು, ತನ್ನ ಲೆಕ್ಕದ ಪುಸ್ತಕಕ್ಕೆ ಬೀಗ ಹಾಕಿಟ್ಟರೆ? ಆಗ ಏನು ಮಾಡಬಹುದೆಂಬುದನ್ನು ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಜನ ತೋರಿಸಿದ್ದಾರೆ. ಚೀನದಲ್ಲಿ ಲಾನ್‌ತ್ಸಾಂಗ್ ಎಂದು ಕರೆಸಿಕೊಳ್ಳುವ ಈ ನದಿ ಬರ್ಮ, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಗಳನ್ನು ದಾಟಿ ವಿಯೆಟ್ನಾಮಿನಲ್ಲಿ ಕಡಲು ಸೇರುತ್ತದೆ. ಕೆಳಗಿನ ನಾಲ್ಕು ದೇಶಗಳು 1995ರಲ್ಲಿ ಒಂದು ಆಯೋಗ ಕಟ್ಟಿಕೊಂಡವು. ಚೀನ ಅದರ ಸದಸ್ಯನಾಗಲಿಲ್ಲ. 2002ರ ಒಪ್ಪಂದದಂತೆ ಚೀನವು ನೆರೆಯ ಕಾಲದ ಅಂಕಿಗಳನ್ನು ಮಾತ್ರ ಕೊಡುತ್ತಿತ್ತು. ಬೇಸಿಗೆಯಲ್ಲಿ ತನ್ನ ಅಣೆಕಟ್ಟುಗಳಲ್ಲಿ ಎಷ್ಟು ಹಿಡಿದಿಟ್ಟಿದೆಯೆಂಬುದು ಕೆಳಗಿನವರಿಗೆ ಗುಟ್ಟು. 2019ರಲ್ಲಿ ಮೆಕಾಂಗ್ ಹಿಂದೆಂದೂ ಕಾಣದಷ್ಟು ಇಳಿಯಿತು. ಮಳೆಯೇ ಇಲ್ಲ, ನಮಗೂ ಬರವೇ, ಎಂದು ಮೇಲಿನವರು.

2020ರ ಏಪ್ರಿಲಿನಲ್ಲಿ ಅಮೆರಿಕದ ಇಬ್ಬರು ಹವಾಮಾನ ತಜ್ಞರು ಒಂದು ವರದಿ ಹೊರತಂದರು. 1992ರಿಂದ 2019ರ ತನಕ ಉಪಗ್ರಹಗಳು ಅಳೆದಿದ್ದ ನೆಲದ ತೇವದ ಲೆಕ್ಕವನ್ನು, ಥಾಯ್ಲೆಂಡಿನ ಚಿಯಾಂಗ್ ಸೇನ್ ಎಂಬಲ್ಲಿಯ ನದಿಮಟ್ಟದ ಲೆಕ್ಕದೊಂದಿಗೆ ಅವರು ಹೋಲಿಸಿದ್ದರು. 2019ರ ಮಳೆಗಾಲದಲ್ಲಿ ಮೇಲಿನ ಕಣಿವೆಯಲ್ಲಿ ತೇವಕ್ಕೆ ಕೊರತೆಯಿರಲಿಲ್ಲ, ಕೆಳಗೆ ನೀರು ಮಾತ್ರ ಬರಲಿಲ್ಲ ಎಂಬುದು ಅವರ ನಿರ್ಣಯ. ಚೀನ ಅಲ್ಲಗಳೆಯಿತು, ಅಲ್ಲಿಯ ವಿದ್ವಾಂಸರು ಜಲಾಶಯಗಳಿಂದ ಬರದ ಬಾಧೆ ಕಡಿಮೆಯೇ ಆಗುತ್ತದೆ ಎಂದು ವಾದಿಸಿದರು. ವಾದ ಮುಗಿಯಲಿಲ್ಲ. ಆದರೆ ಆ ವರ್ಷದ ಅಕ್ಟೋಬರಿನಲ್ಲಿ ವರ್ಷವಿಡೀ ಅಂಕಿ ಕೊಡಲು ಚೀನ ಒಪ್ಪಿತು. ಡಿಸೆಂಬರಿನಿಂದ ಅಮೆರಿಕದ ಸಂಸ್ಥೆಯೊಂದು ಉಪಗ್ರಹ ಚಿತ್ರಗಳಿಂದ ಅಣೆಕಟ್ಟುಗಳ ನೀರಿನ ಮಟ್ಟವನ್ನು ಅಳೆದು ವಾರ ವಾರವೂ ಎಲ್ಲರೂ ನೋಡುವಂತೆ ಪ್ರಕಟಿಸಲು ತೊಡಗಿತು. ಮೋಡದ ಮರೆಯಲ್ಲೂ ಕಾಣುವ ರೇಡಾರ್ ಚಿತ್ರಗಳು ಇವು, ಮಳೆಗಾಲದಲ್ಲೂ ಮುಚ್ಚಿಡುವಂತಿಲ್ಲ. ಮರು ತಿಂಗಳೇ, 2021ರ ಜನವರಿ ಮೊದಲ ವಾರ, ಚೀನದ ಜಿಂಗ್‌ಹಾಂಗ್ ಅಣೆಕಟ್ಟಿನ ಕೆಳಗೆ ನೀರು ತಟ್ಟನೆ ಇಳಿದುದನ್ನು ಇವರು ಹೊರಗೆಡಹಿದರು. ವಿದ್ಯುತ್ ತಂತಿಗಳ ದುರಸ್ತಿಗಾಗಿ ಹೊರಹರಿವನ್ನು ಸೆಕೆಂಡಿಗೆ 1,000 ಘನ ಮೀಟರಿಗೆ ಇಳಿಸಲಾಗಿದೆಯೆಂದು ಚೀನದ ಸೂಚನೆ ಕೆಳಗಿನ ದೇಶಗಳಿಗೆ ಬಂದದ್ದು ನೀರು ಇಳಿದ ಮೇಲೆ.

ಇಲ್ಲಿಯೂ ಕಣ್ಣು ಮುಚ್ಚಿ ಹೊಗಳುವಂತಿಲ್ಲ. ಆ ನಿಗಾ ಕೆಲಸಕ್ಕೆ ಅಮೆರಿಕ ಸರಕಾರದ ಹಣವೂ ಇತ್ತು. ಚೀನಕ್ಕೂ ಅಮೆರಿಕಕ್ಕೂ ಇರುವ ಹಗೆಯನ್ನು ಬಲ್ಲವರು, ಈ ಕಾಳಜಿ ಮೀನುಗಾರನ ಮೇಲಿನದೋ ಚೀನದ ಮೇಲಿನದೋ ಎಂದು ಕೇಳಿದರೆ ತಪ್ಪಲ್ಲ. ತಕ್ಕಡಿ ಹಿಡಿದವನ ಕೈಯನ್ನೂ ನೋಡಬೇಕು. ಹಾಗಿದ್ದರೂ ಆ ಅಂಕಿಗಳನ್ನು ಯಾರು ಬೇಕಾದರೂ ಮತ್ತೆ ಅಳೆದು ಪರೀಕ್ಷಿಸಬಹುದು. ಗುಟ್ಟಿನ ಅಂಕಿಗೆ ಆ ಗುಣವಿಲ್ಲ.

ಉಪಗ್ರಹಗಳ ಶಕ್ತಿಗೆ ಇನ್ನೊಂದು ನಿದರ್ಶನ ನಮ್ಮ ದೇಶದ್ದೇ. 2002ರಲ್ಲಿ ಹಾರಿಸಿದ ‘ಗ್ರೇಸ್’ ಎಂಬ ಜೋಡಿ ಉಪಗ್ರಹಗಳು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಭೂಮಿಯನ್ನು ಸುತ್ತುತ್ತಿದ್ದವು. ಕೆಳಗಿನ ನೆಲ ಭಾರವಾಗಿದ್ದಲ್ಲಿ ಮುಂದಿನದನ್ನು ಅದು ತುಸು ಹೆಚ್ಚು ಸೆಳೆಯುತ್ತದೆ, ಇವುಗಳ ನಡುವಿನ ಅಂತರ ಕೂದಲೆಳೆಯಷ್ಟು ಬದಲಾಗುತ್ತದೆ. ಆ ಬದಲಾವಣೆಯಿಂದ ನೆಲದೊಳಗಿನ ನೀರಿನ ಏರಿಳಿತವನ್ನು ಲೆಕ್ಕ ಹಾಕುತ್ತಾರೆ. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರಾಜಸ್ಥಾನ, ಪಂಜಾಬ್, ಹರಿಯಾಣ, ದೆಹಲಿಗಳ ನೆಲದಡಿಯಿಂದ ಆರು ವರ್ಷಗಳಲ್ಲಿ ಬರಿದಾದ ನೀರು 109 ಘನ ಕಿಲೋಮೀಟರ್. ನಮ್ಮ ಪರಿಚಯದ ಲೆಕ್ಕದಲ್ಲಿ ಸುಮಾರು 3,850 ಟಿ.ಎಂ.ಸಿ.; ಐದು ಕಾವೇರಿಗಳಿಗಿಂತ ಹೆಚ್ಚು! ಕಾವೇರಿಯ ಹತ್ತು ಟಿ.ಎಂ.ಸಿ.ಗೆ ಊರು ಹೊತ್ತಿ ಉರಿಯುವ ದೇಶದಲ್ಲಿ ಈ ನಷ್ಟಕ್ಕೆ ಒಂದು ಬಂದ್ ಕೂಡಾ ಆಗಲಿಲ್ಲ, ಕಣ್ಣಿಗೆ ಕಾಣದ್ದರಿಂದ. ಆದರೆ ಈ ಜೋಡಿ ಉಪಗ್ರಹಗಳಿಗೆ ಕಾಣುವುದು ರಾಜ್ಯಗಳಷ್ಟು ದೊಡ್ಡ ನೆಲ. ಪಂಚಾಯತಿನ ಬೋರ್‌ವೆಲ್ಲುಗಳ ವ್ಯಾಜ್ಯಕ್ಕೆ ಅವು ಸಾಕ್ಷಿ ಹೇಳಲಾರವು. ಅಲ್ಲಿ ಬಾವಿಗೆ ಇಳಿಬಿಡುವ ಅಳತೆಯ ಹಗ್ಗವೇ ಬೇಕು.

ಅಂಕಿ ಕೊಡುವ ಮನಸ್ಸೇ ಮುರಿದರೆ ಯಾವ ಯಂತ್ರವೂ ನಿಲ್ಲದು ಎಂಬುದಕ್ಕೆ ಸಿಂಧೂ ಒಪ್ಪಂದ ಸಾಕ್ಷಿ. 1960ರಿಂದ ಭಾರತ ಪಾಕಿಸ್ತಾನಗಳು ನದಿಗಳ ದಿನದಿನದ ಅಂಕಿಗಳನ್ನು ವಿನಿಮಯ ಮಾಡಿಕೊಳ್ಳಬೇಕೆಂಬ ಏರ್ಪಾಡಿತ್ತು. 1965ರ, 1971ರ ಯುದ್ಧಗಳನ್ನು ದಾಟಿ ಆ ಒಪ್ಪಂದ ಬಾಳಿತು. ಪಹಲ್ಗಾಮಿನ ಹತ್ಯಾಕಾಂಡದ ಬಳಿಕ 2025ರ ಏಪ್ರಿಲ್ 23ರಂದು ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಅದರ ಸರಿತಪ್ಪುಗಳ ವಿಮರ್ಶೆಗೆ ಇದು ಸ್ಥಳವಲ್ಲ.

ಮನೆಯ ಹತ್ತಿರಕ್ಕೆ ಬರೋಣ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಗುಡ್ಡ ಕೊಚ್ಚಿಕೊಂಡು ಹೋಯಿತು. ಹೆಣಗಳನ್ನು ಹೊರತೆಗೆದು ಮುಗಿಯುವ ಮೊದಲೇ ದೆಹಲಿಗೂ ತಿರುವನಂತಪುರಕ್ಕೂ ಜಗಳ ಹತ್ತಿತು. ಮುನ್ನೆಚ್ಚರಿಕೆ ಕೊಟ್ಟಿದ್ದೆವು ಎಂದು ಕೇಂದ್ರದ ಗೃಹಮಂತ್ರಿಗಳು ರಾಜ್ಯಸಭೆಯಲ್ಲಿ ಹೇಳಿದರು. 115ರಿಂದ 204 ಮಿಲಿಮೀಟರ್ ಮಳೆಯೆಂದು ನಿಮ್ಮ ಇಲಾಖೆ ಹೇಳಿತ್ತು, 48 ಗಂಟೆಗಳಲ್ಲಿ ಬಿದ್ದದ್ದು 572 ಮಿಲಿಮೀಟರ್ ಎಂದು ಕೇರಳದ ಮುಖ್ಯಮಂತ್ರಿಗಳು ಉತ್ತರ ಕೊಟ್ಟರು. ಆದರೆ ಆ ಜಿಲ್ಲೆಯಲ್ಲಿಯೇ ಕಲ್ಪೆಟ್ಟದ ಹ್ಯೂಮ್ ಪರಿಸರ ಕೇಂದ್ರದವರು ಇನ್ನೂರಕ್ಕೂ ಹೆಚ್ಚು ಕಡೆಗಳಲ್ಲಿ ಮಳೆಮಾಪಕಗಳನ್ನು ಇರಿಸಿ, ಊರವರಿಂದಲೇ ಲೆಕ್ಕ ತರಿಸಿಕೊಳ್ಳುತ್ತಾ ಬಂದಿದ್ದರು. ಪುತ್ತುಮಲೆಯ ಮಾಪಕ ತೋರಿಸಿದ ಮಳೆಯನ್ನು ಕಂಡು ದುರಂತದ ಹಿಂದಿನ ದಿನವೇ ಅವರು ಜಿಲ್ಲಾಡಳಿತಕ್ಕೆ ಎಚ್ಚರಿಕೆ ಮುಟ್ಟಿಸಿದ್ದರೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ದೊಡ್ಡ ಯಂತ್ರಗಳನ್ನು ಹಿಡಿದವರು ಜಗಳವಾಡುತ್ತಿದ್ದಾಗ, ಸರಿಯಾದ ಲೆಕ್ಕ ಇದ್ದದ್ದು ಗುಡ್ಡದ ಮೇಲೆ ಇಟ್ಟಿದ್ದ ಒಂದು ಸಣ್ಣ ಡಬ್ಬಿಯಲ್ಲಿ.

ಇಂತಹ ಊರ ಲೆಕ್ಕದ ಬೆಲೆಯನ್ನು ನಮ್ಮ ಜಿಲ್ಲೆ ಮೊದಲೇ ಕಂಡಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚುತ್ತಿದ್ದ ಕಾಲದಲ್ಲಿ, ಪಡ್ರೆಯ ಕಡೆ ರೋಗಗಳು ಹೆಚ್ಚಿರುವುದನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದ್ದು ಯಾವ ಪ್ರಯೋಗಶಾಲೆಯೂ ಅಲ್ಲ, ಅಲ್ಲಿಯ ಹಳ್ಳಿ ವೈದ್ಯರು ಮತ್ತು ಕನ್ನಡದಲ್ಲಿ ಬರೆಯುತ್ತಿದ್ದ ಕೃಷಿ ಪತ್ರಕರ್ತರು.

ಈಗ ಪಯಸ್ವಿನಿಯ ಮಾತು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ಹಾದು, ನಮ್ಮ ಜಿಲ್ಲೆಗೆ ಬಂದು ಚಂದ್ರಗಿರಿಯೆಂಬ ಹೆಸರಿನಲ್ಲಿ ಕಡಲು ಸೇರುವ ಹೊಳೆ. ಕಾಸರಗೋಡಿನ ಕನ್ನಡಿಗರು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಹೊಳೆಯನ್ನು ಒಂದು ಗೆರೆಯಾಗಿ ನೋಡಿಕೊಂಡು ಬಂದವರು. ಹೊಳೆಯ ಬಡಗಿನ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರ ಮಹಾಜನ ವರದಿ ಹೇಳಿತ್ತಲ್ಲವೇ? ಆ ಗೆರೆಯ ನೋವು ಹಾಗೆಯೇ ಇದೆ. ಆದರೆ ಹೊಳೆ ಗೆರೆಯಲ್ಲ, ನೀರು. 2018ರ ಆಗಸ್ಟಿನಲ್ಲಿ ಜೋಡುಪಾಲದ ಗುಡ್ಡ ಜರಿದಾಗ ಪಯಸ್ವಿನಿ ಕೆಸರಾಗಿ ಹರಿಯಿತು. ಕರ್ನಾಟಕದ ಗುಡ್ಡದ ಮಣ್ಣು ಕೇರಳದ ಹೊಳೆಬದಿಗೆ ಕೇಳದೆಯೇ ಬಂತು. ಬೇಸಿಗೆಯಲ್ಲಿ ಹರಿವು ಇಳಿದಾಗ ಬಾವಿಕ್ಕರೆಯ ತನಕ ಕಡಲ ನೀರು ಏರಿ, ಕಾಸರಗೋಡು ಪೇಟೆಯವರು ವರ್ಷಗಟ್ಟಲೆ ನಲ್ಲಿಯಲ್ಲಿ ಉಪ್ಪು ನೀರು ಕುಡಿದದ್ದೂ, ವರ್ಷಂಪ್ರತಿ ಮರಳ ಚೀಲದ ತಡೆ ಕಟ್ಟಿದ್ದೂ ಎಲ್ಲರಿಗೂ ನೆನಪಿದೆ. ಮೇಲೆ ಸುಳ್ಯದಲ್ಲಿಯೂ ಅಡಿಕೆ ತೋಟಗಳಿವೆ, ಕೆಳಗೆ ಮುಳಿಯಾರಿನಲ್ಲಿಯೂ ಅಡಿಕೆ ತೋಟಗಳಿವೆ. ಎರಡೂ ಕಡೆಯ ಪಂಪುಗಳು ಒಂದೇ ಹೊಳೆಯಲ್ಲಿ. ಇಲ್ಲಿಯವರೆಗೆ ದೊಡ್ಡ ವ್ಯಾಜ್ಯವಾಗಿಲ್ಲ. ವ್ಯಾಜ್ಯವಾಗುವ ಮೊದಲೇ ಅಳೆಯುವುದು ಸುಲಭ. ಆದ ಮೇಲೆ ಅಳೆಯಲು ಹೋದವನನ್ನೇ ಸಂಶಯದಿಂದ ನೋಡುತ್ತಾರೆ.

ಎರಿಂಜಿಪುಳದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಅಲ್ಲಿಯ ಅಂಕಿ ಆಯೋಗದ ಪುಸ್ತಕಗಳಿಗೆ ಹೋಗುತ್ತದೆ. ಆ ಹೊಳೆಯ ನೀರಿನಿಂದ ಬದುಕುವ ಎಷ್ಟು ಮನೆಯವರಿಗೆ ಈ ವಿಚಾರ ಗೊತ್ತು? ಕರ್ನಾಟಕದವರು 1988ರಲ್ಲಿ ಬರ ನಿಗಾ ಘಟಕವನ್ನು ಸ್ಥಾಪಿಸಿದರು. ಅದು ಬೆಳೆದು ಇಂದು ಗ್ರಾಮ ಪಂಚಾಯತುಗಳ ಮಟ್ಟದಲ್ಲಿ ತಾನಾಗಿ ಲೆಕ್ಕ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದೆ. ಕೇರಳವೂ 2022ರಿಂದೀಚೆಗೆ ಆಯ್ದ ಹೈಯರ್ ಸೆಕೆಂಡರಿ ಶಾಲೆಗಳಲ್ಲಿ ಹವಾಮಾನ ಕೇಂದ್ರಗಳನ್ನು ತೆರೆದಿದೆ. ಸಂಪಾಜೆಯ ಮಳೆ ಒಂದು ರಾಜ್ಯದ ಕಂಪ್ಯೂಟರಿನಲ್ಲಿ, ಬೋವಿಕ್ಕಾನದ ಮಳೆ ಇನ್ನೊಂದು ರಾಜ್ಯದ ಕಂಪ್ಯೂಟರಿನಲ್ಲಿ. ಹೊಳೆಗೆ ಈ ಭೇದ ಗೊತ್ತಿಲ್ಲ. ಎರಡೂ ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ತರುವುದಕ್ಕೆ ಹೊಸ ಉಪಗ್ರಹವೂ ಬೇಡ, ಕೋಟಿ ರೂಪಾಯಿಯೂ ಬೇಡ. ಕಾಸರಗೋಡು, ದಕ್ಷಿಣ ಕನ್ನಡ, ಕೊಡಗು ಜಿಲ್ಲಾಧಿಕಾರಿಗಳು ಒಂದು ದಿನ ಕೂತರೆ ಸಾಕು.

ನುಡಿಯ ಪ್ರಶ್ನೆಯನ್ನು ಇಲ್ಲಿ ನಾವು ಎತ್ತಿದರೆ, ಎಲ್ಲದಕ್ಕೂ ಭಾಷೆಯನ್ನು ತರುತ್ತಾರೆ ಎಂದು ಮೂಗು ಮುರಿಯುವವರಿದ್ದಾರೆ. ಮಳೆಗಾಲದಲ್ಲಿ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ನಮ್ಮ ಮೊಬೈಲುಗಳಿಗೆ ಬಹುಪಾಲು ಮಲೆಯಾಳದಲ್ಲಿ ಬರುತ್ತವೆ. ಹುಡುಗರು ಓದಿ ಹೇಳುತ್ತಾರೆ, ನಿಜ. ಆದರೆ ಹೊಳೆಬದಿಯ ಮನೆಯಲ್ಲಿ ಒಬ್ಬರೇ ಇರುವ, ಕನ್ನಡ ಮಾತ್ರ ಓದಬಲ್ಲ ಅಜ್ಜಿಯ ಕೈಯಲ್ಲೂ ಈಗ ಮೊಬೈಲಿದೆ. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ನುಡಿಯಲ್ಲಿ ಸರಕಾರಕ್ಕೆ ಬರೆದು ಅದೇ ನುಡಿಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಅರ್ಜಿಗೆ ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾದ ಸರಕಾರ, ನೆರೆ ಬರುತ್ತದೆಂಬ ಮಾತನ್ನು ಕನ್ನಡದಲ್ಲಿ ಹೇಳಲು ಹಿಂಜರಿಯಬೇಕೇ? ಅಂಕಿಗಳಿಗಂತೂ ಭಾಷಾಂತರವೇ ಬೇಕಾಗಿಲ್ಲ. ಎರಿಂಜಿಪುಳದಲ್ಲಿ, ಬಾವಿಕ್ಕರೆಯಲ್ಲಿ, ಅಡೂರು ಪೇಟೆಯಲ್ಲಿ ಒಂದೊಂದು ಹಲಗೆ. ಅದರ ಮೇಲೆ ಇಂದಿನ ಮಟ್ಟ, ನಿನ್ನೆಯ ಮಟ್ಟ, ಅಪಾಯದ ಮಟ್ಟ. ತಲೆಬರಹ ಕನ್ನಡ, ಮಲೆಯಾಳ ಎರಡರಲ್ಲಿಯೂ. ಇಷ್ಟನ್ನು ನಾವು ಜಿಲ್ಲಾಡಳಿತದಿಂದ ಕೇಳುತ್ತೇವೆ. ಅದೇ ಹಲಗೆ ಸುಳ್ಯದಲ್ಲಿಯೂ ಇರಲೆಂದು ಕರ್ನಾಟಕ ಸರಕಾರವನ್ನೂ ಕೇಳುತ್ತೇವೆ. ಅಲ್ಲಿಯ ಹಲಗೆಯಲ್ಲಿ ಮಲೆಯಾಳವೂ ಇರಲಿ. ಇಲ್ಲಿ ಕನ್ನಡ ಬೇಕೆನ್ನುವವರು ಅಲ್ಲಿ ಮಲೆಯಾಳ ಬೇಡವೆನ್ನುವಂತಿಲ್ಲ.

ನಮ್ಮ ಕೃಷಿಕರಲ್ಲಿ ಮಳೆಯ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುವ ಅಭ್ಯಾಸ ಹಲವು ಮನೆಗಳಲ್ಲಿ ಇದೆ. ತಂದೆ ಬರೆಯುತ್ತಿದ್ದುದನ್ನು ಮಗ ಮುಂದುವರಿಸಿದ, ಮೂವತ್ತು ನಲವತ್ತು ವರ್ಷದ ಲೆಕ್ಕವಿರುವ ಮನೆಗಳೂ ಇರಬಹುದು. ಬಾವಿಯ ನೀರು, ಸುರಂಗದ ಒರತೆ, ತೋಡು ಯಾವ ವಾರ ಬತ್ತಿತು ಎಂಬುದನ್ನು ಗುರುತು ಹಾಕಿಟ್ಟವರೂ ಇದ್ದಾರೆ. ಅಂತಹವರು ತಮ್ಮ ಊರು, ಮಾಪಕ ಇಟ್ಟಿರುವ ಜಾಗ, ತಿಂಗಳುವಾರು ಅಂಕಿ ಇವನ್ನು ಒಂದು ಕಾಗದದಲ್ಲಿ ಬರೆದು ಪತ್ರಿಕಾಲಯಕ್ಕೆ ಕಳುಹಿಸಿದರೆ, ಪ್ರತಿ ಶನಿವಾರ ಅರ್ಧ ಕಾಲಂ ಜಾಗವನ್ನು ಅದಕ್ಕೆ ಮೀಸಲಿಡುತ್ತೇವೆ. ಸುಳ್ಯ, ಸಂಪಾಜೆ ಕಡೆಯ ಓದುಗರ ಅಂಕಿಗಳನ್ನೂ ಅದೇ ಪಟ್ಟಿಯಲ್ಲಿ ಸೇರಿಸುತ್ತೇವೆ. ಡೈರಿಯ ಮೂಲಪ್ರತಿಯನ್ನು ಯಾರೂ ಕಳುಹಿಸಬಾರದು, ನಕಲು ಸಾಕು.